ಹಳೇ ಕಾರಿನೊಳಗಿನ ಮರ: ಕಿತ್ತು ಬಿಸಾಡುವ ಮೊದಲು

(ಚಿಕ್ಕಮಗಳೂರಿನಲ್ಲಿ ಹಳೇ ಕಾರುಗಳನ್ನು ಇಟ್ಟುಕೊಂಡಿರುವವರು ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎಂಜಿನ್ ಬಗ್ಗೆ ನಾನು ಮಾತಾಡುವುದಿಲ್ಲ. ಅದನ್ನು ಬಲ್ಲವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದೀರಿ. ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸುವ ಮೇಸ್ತ್ರಿ ಸಿಗುತ್ತಾರೆ, ಟಿಂಕರಿಂಗ್ ಮಾಡುವವರು ಸಿಗುತ್ತಾರೆ, ಸೀಟಿಗೆ ಹೊಸ ಹೊದಿಕೆ ಹೊಲಿದುಕೊಡುವವರೂ ಸಿಗುತ್ತಾರೆ. ಡ್ಯಾಶ್‌ಬೋರ್ಡಿನ ಮರ ಬಿರುಕು ಬಿಟ್ಟಿದೆ, ಏನು ಮಾಡೋಣ ಅಂತ ಕೇಳಿದರೆ ಮಾತ್ರ ಹೆಚ್ಚಿನ ಕಡೆ ಒಂದೇ ಉತ್ತರ: "ಕಿತ್ತು ಹಾಕಿ ಸಾರ್, ಮೇಲೆ ವುಡ್ ಫಿನಿಶ್ ಸ್ಟಿಕ್ಕರ್ ಅಂಟಿಸಿಬಿಡೋಣ." ಈ ಉತ್ತರ ನಂಬಿ ಎಷ್ಟು ಒಳ್ಳೆಯ ಮರ ಗುಜರಿ ಸೇರಿದೆಯೋ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ನಾನು ಇವತ್ತು ಹೇಳಬೇಕಾಗಿರುವ ಮಾತು ಒಂದೇ. ಹತ್ತರಲ್ಲಿ ಒಂಬತ್ತು ಸಲ ಆ ಮರ ಹಾಳಾಗಿರುವುದಿಲ್ಲ. ಮರದ ಮೇಲೆ ಬಳಿದ ಲ್ಯಾಕರ್, ಅಂದರೆ ಹೊಳಪಿನ ಲೇಪ, ಹಾಳಾಗಿರುತ್ತದೆ. ಲ್ಯಾಕರನ್ನು ತೆಗೆದು ಹೊಸದು ಹಾಕುವ ಕೆಲಸ ಮನೆಯ ಜಗಲಿಯಲ್ಲಿ ಕೂತು ಮಾಡಬಹುದಾದದ್ದು. ತಾಳ್ಮೆ ಬೇಕು, ಸರಿಯಾದ ತಿಂಗಳು ಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಿರಬೇಕು.

ಮೊದಲು ಯಾವ ಕಾರುಗಳ ಮಾತು ಅನ್ನುವುದು ಸ್ಪಷ್ಟವಾಗಲಿ. ಕಾಫಿ ಸೀಮೆಯ ಶೆಡ್ಡುಗಳಲ್ಲಿ ಈಗಲೂ ಹಳೇ ಬ್ರಿಟಿಷ್ ಕಾರುಗಳು ಕಣ್ಣಿಗೆ ಬೀಳುತ್ತವೆ. 1949ರಿಂದ 1964ರವರೆಗೆ ಬಂದ ರೋವರ್ ಪಿ4, 1959ರಿಂದ 1967ರವರೆಗೆ ಬಂದ ಜಾಗ್ವಾರ್ ಮಾರ್ಕ್ 2, ಅದೇ ಕಾಲದ ವೂಲ್ಸ್‌ಲೀ, ಇವುಗಳಲ್ಲೆಲ್ಲ ಒಳಗೆ ನಿಜವಾದ ಮರ ಇದೆ. ಎರಡನೆಯದು ಮರ್ಸಿಡಿಸ್. ನಮ್ಮ ದೇಶದಲ್ಲೇ 1995ರಿಂದ ಪುಣೆಯಲ್ಲಿ ಜೋಡಣೆಯಾಗಿ ಬಂದ ಡಬ್ಲ್ಯೂ124 ನಿಮ್ಮಲ್ಲಿ ಕೆಲವರ ಹತ್ತಿರ ಇದೆ, ಅದರ ಗೇರ್ ಸುತ್ತಲಿನ ಪಟ್ಟಿ ಒಡೆದಿರುವುದು ಬಹಳ ಸಾಮಾನ್ಯ. ಮೂರನೆಯದು ನಮ್ಮ ಅಂಬಾಸಡರ್. ಅದರ ಡ್ಯಾಶ್‌ಬೋರ್ಡಿಗೆ ಆಮೇಲೆ ಊರಿನ ಆಚಾರಿಗಳ ಕೈಯಲ್ಲಿ ಬೀಟೆಯದೋ ತೇಗದ್ದೋ ಹಲಗೆ ಮಾಡಿಸಿ ಕೂರಿಸಿಕೊಂಡವರು ಇದ್ದಾರೆ. ಈ ಮೂರನೆಯದರಲ್ಲಿ ಇಡೀ ಹಲಗೆಯೇ ಮರವಾದ್ದರಿಂದ ಸ್ವಲ್ಪ ಧೈರ್ಯವಾಗಿ ಉಜ್ಜಬಹುದು. ಮೊದಲ ಎರಡರಲ್ಲಿ ಆ ಧೈರ್ಯ ಬೇಡ.

ಯಾಕೆ ಅಂದರೆ ಅಲ್ಲಿ ಕಾಣುವ ಮರ ಒಂದು ಮಿಲಿಮೀಟರ್ ಕೂಡ ದಪ್ಪ ಇರುವುದಿಲ್ಲ. ಅದು ವೀನಿಯರ್. ಕೆಳಗೆ ಪ್ಲೈವುಡ್ ಅಥವಾ ಅಲ್ಯೂಮಿನಿಯಂ, ಅದರ ಮೇಲೆ ಕಾಗದದಂಥ ಮರದ ಪದರ, ಅದರ ಮೇಲೆ ಲ್ಯಾಕರ್. ಕೆಲವು ಕಾರುಗಳಲ್ಲಿ ಲ್ಯಾಕರೇ ಮರಕ್ಕಿಂತ ದಪ್ಪ. ಬ್ರಿಟಿಷ್ ಕಾರುಗಳಲ್ಲಿ ಹೆಚ್ಚಾಗಿ ಅಕ್ರೋಟ್ ಮರ, ಅದರಲ್ಲೂ ಗಂಟು ಬೆಳೆದ ಭಾಗದಿಂದ ಸೀಳಿದ ಪದರ. ಯುರೋಪಿನ ಆ ಅಕ್ರೋಟೂ ಕಾಶ್ಮೀರದಲ್ಲಿ ಕೆತ್ತನೆಗೆ ಬಳಸುವ ಅಕ್ರೋಟೂ ಒಂದೇ ಜಾತಿ. ಮರ್ಸಿಡಿಸ್‌ನ 1970, 80ರ ದಶಕದ ಹಲವು ಕಾರುಗಳಲ್ಲಿ ಜೀಬ್ರಾನೊ ಅನ್ನುವ ಪಶ್ಚಿಮ ಆಫ್ರಿಕಾದ ಮರ, ಒಣಹುಲ್ಲಿನ ಬಣ್ಣದ ಮೇಲೆ ಕಂದು ಗೆರೆ ಎಳೆದಂತೆ ಇರುತ್ತದೆ.

ಒಳ್ಳೆಯ ಕಾರುಗಳಲ್ಲಿ ಎಡಬಲದ ಪಟ್ಟಿಗಳನ್ನು ಒಂದೇ ಗಂಟಿನಿಂದ ಒಂದರ ಹಿಂದೊಂದು ಸೀಳಿದ ಪದರಗಳಿಂದ ಮಾಡಿರುತ್ತಾರೆ. ಪುಸ್ತಕ ತೆರೆದಾಗ ಎರಡು ಪುಟ ಎದುರುಬದುರು ಕಂಡಂತೆ ಎಡಗಡೆಯ ಸುಳಿ ಬಲಗಡೆ ತಿರುವುಮುರುವಾಗಿ ಕಾಣುತ್ತದೆ. ಮನೆಗೆ ಹೋಗಿ ನಿಮ್ಮ ಡ್ಯಾಶ್‌ಬೋರ್ಡಿನ ನಡುವಿನಿಂದ ಎರಡೂ ಕಡೆಗೆ ಕಣ್ಣು ಹಾಯಿಸಿ ನೋಡಿ. ಅದರಲ್ಲಿ ಒಂದು ತುಂಡು ಬಿಸಾಡಿದರೆ ಉಳಿದವುಗಳ ಜೋಡಿ ಹೋದಂತೆ. ಅಂಥ ಇನ್ನೊಂದು ತುಂಡು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಆ ಗಂಟು ಇದ್ದದ್ದು ಒಂದೇ. ಇದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಇನ್ನು ಕೆಡುವುದು ಹೇಗೆ? ನಮ್ಮದು ವಿಚಿತ್ರ ಜಿಲ್ಲೆ. ಕಡೂರು, ತರೀಕೆರೆ ಕಡೆ ಬಯಲು, ಬಿಸಿಲು. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಒಂದೇ ಮಾದರಿಯ ಕಾರು ಎರಡು ಕಡೆ ಎರಡು ರೀತಿ ಕೆಡುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲ್ಮೈ 70 ಡಿಗ್ರಿ ದಾಟುವುದುಂಟು. ಬಿಸಿಲಿನ ನೇರಳಾತೀತ ಕಿರಣ ಲ್ಯಾಕರನ್ನು ಹಳದಿ ಮಾಡಿ, ಪೆಡಸು ಮಾಡಿ, ಕೊನೆಗೆ ಒಡೆಯುತ್ತದೆ. ಮಳೆನಾಡಿನಲ್ಲಿ ತೊಂದರೆ ಬೇರೆ. ಮರ ತೇವ ಕುಡಿದು ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಅದು ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಮೇಲಿನ ಲ್ಯಾಕರ್‌ಗೆ ಈ ಎಳೆದಾಟ ತಡೆಯಲು ಆಗುವುದಿಲ್ಲ.

ಹೀಗಾಗಿ ಬಿರುಕನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಬಿರುಕು ಮರದ ಗೆರೆಯ ಜೊತೆಗೇ ಸಾಗಿದ್ದರೆ ಅಲುಗಾಡಿದ್ದು ಮರ, ತೇವ ಒಳಗೆ ಹೋಗಿದೆ. ಗೆರೆಗೂ ಬಿರುಕಿಗೂ ಸಂಬಂಧವೇ ಇಲ್ಲದೆ ಮೇಲೆಲ್ಲ ಸಣ್ಣ ಬಲೆ ಹರಡಿದ್ದರೆ ಅದು ಬಿಸಿಲಿನ ಕೆಲಸ, ಕೆಳಗಿನ ಮರ ಚೆನ್ನಾಗಿದೆ ಅಂತಲೇ ಲೆಕ್ಕ. ಬಿಳಿ ಮೋಡದಂಥ ಕಲೆ ಇದ್ದರೆ ಲ್ಯಾಕರ್ ಮರದಿಂದ ಬಿಟ್ಟು ಮೇಲೆದ್ದಿದೆ ಅಥವಾ ತೇವ ಹಿಡಿದಿದೆ. ಸ್ಕ್ರೂ ಸುತ್ತ ಕಪ್ಪು ಕಲೆ ಇದ್ದರೆ ಅಲ್ಲಿ ನೀರು ನಿಂತು ಕಬ್ಬಿಣದ ತುಕ್ಕೂ ಮರದ ಒಗರೂ ಸೇರಿವೆ. ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ವೀನಿಯರ್ ಕೆಳಗಿನ ಅಂಟು ಬಿಟ್ಟಿದೆ.

ನೀರು ಎಲ್ಲಿಂದ ಬಂತು ಅಂತ ಹುಡುಕದೆ ಮರ ಮುಟ್ಟಬೇಡಿ. ಬಹುತೇಕ ಮುಂದಿನ ಗಾಜಿನ ರಬ್ಬರ್ ಗಟ್ಟಿಯಾಗಿ ಮೂಲೆಯಲ್ಲಿ ಜಾಗ ಬಿಟ್ಟಿರುತ್ತದೆ, ಅಲ್ಲಿಂದ ಇಳಿದ ನೀರು ಡ್ಯಾಶ್‌ಬೋರ್ಡಿನ ಹಿಂಬದಿಗೆ ಹೋಗುತ್ತದೆ. ಮೊದಲು ಆ ರಬ್ಬರ್ ಬದಲಾಯಿಸಿ.

ಕೆಲಸಕ್ಕೆ ಯಾವ ತಿಂಗಳು? ನನ್ನ ಮಟ್ಟಿಗೆ ಫೆಬ್ರವರಿಯಿಂದ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೆ. ಅರೇಬಿಕಾ ಕೊಯ್ಲು ಮುಗಿದಿರುತ್ತದೆ, ಗಾಳಿ ಒಣಗಿರುತ್ತದೆ. ಡಿಸೆಂಬರ್‌ನಲ್ಲೂ ಮಳೆ ಇಲ್ಲವಲ್ಲ ಅಂತ ಕೇಳುತ್ತೀರಿ, ಆದರೆ ಬೆಳಗಿನ ಮಂಜು ಹತ್ತು ಗಂಟೆಯವರೆಗೂ ಇಳಿಯುತ್ತಿರುತ್ತದೆ. ಮಳೆಗಾಲದಲ್ಲಿ ಲ್ಯಾಕರ್ ಡಬ್ಬದ ಮುಚ್ಚಳವನ್ನೂ ತೆಗೆಯಬೇಡಿ. ಲ್ಯಾಕರನ್ನು ತೆಳು ಮಾಡುವ ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂರುತ್ತದೆ, ಕಣ್ಣೆದುರಿಗೇ ಎಲ್ಲ ಬೆಳ್ಳಗಾಗುತ್ತದೆ. ತೋಟದ ಮನೆಯವರು ಇನ್ನೊಂದು ಗಮನಿಸಿ: ಕಣದಲ್ಲಿ ಕಾಫಿ ಒಣಗುತ್ತಿರುವಾಗ ಅದರ ಹತ್ತಿರ ಲ್ಯಾಕರ್ ಹಚ್ಚಬೇಡಿ. ಸಿಪ್ಪೆಯ ಹಗುರ ಧೂಳು ಎಲ್ಲಿಗೂ ಬರುತ್ತದೆ.

ಪಟ್ಟಿ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಏರ್‌ಬ್ಯಾಗ್ ಇರುವ ಕಾರಾದರೆ ಅದರ ಹತ್ತಿರದ ಪಟ್ಟಿಯನ್ನು ತಿಳಿದವರಿಂದಲೇ ಬಿಚ್ಚಿಸಿ. ಹಳೇ ಪ್ಲಾಸ್ಟಿಕ್ ಕ್ಲಿಪ್ಪುಗಳು ಚಳಿಯಲ್ಲಿ ಪಟ್ ಅಂತ ಮುರಿಯುತ್ತವೆ, ಕಾರನ್ನು ಒಂದು ಗಂಟೆ ಬಿಸಿಲಿಗೆ ನಿಲ್ಲಿಸಿ ಆಮೇಲೆ ಕೈ ಹಾಕಿ. ಸ್ಕ್ರೂ ಡ್ರೈವರ್ ತೂರಿಸಿ ಎಬ್ಬುವ ಬದಲು ಬಿದಿರನ್ನು ಚಪ್ಪಟೆಯಾಗಿ ಹೆರೆದು ಒಂದು ಕಡ್ಡಿ ಮಾಡಿಕೊಳ್ಳಿ, ಮರಕ್ಕೂ ಪೆಟ್ಟಾಗುವುದಿಲ್ಲ, ಪ್ಲಾಸ್ಟಿಕ್‌ಗೂ ಆಗುವುದಿಲ್ಲ. ಬಿಚ್ಚಿದ ಪ್ರತಿ ತುಂಡಿನ ಹಿಂದೆ ಪೆನ್ಸಿಲ್‌ನಲ್ಲಿ ಜಾಗ ಬರೆಯಿರಿ, ಮೊಬೈಲಲ್ಲಿ ಫೋಟೋ ತೆಗೆದಿಡಿ.

ಬಿಚ್ಚಿದ ಮೇಲೆ ಅಂಚು ನೋಡಿ. ನಿಜವಾದ ವೀನಿಯರ್ ಆಗಿದ್ದರೆ ಪದರ ಪದರವಾಗಿ ಕಾಣುತ್ತದೆ. ಎಲ್ಲ ಒಂದೇ ಪ್ಲಾಸ್ಟಿಕ್ ಆಗಿದ್ದರೆ ಅದು ಮರದ ಚಿತ್ರ ಅಚ್ಚಾದ ತುಂಡು, ಅದನ್ನು ಉಜ್ಜಿದರೆ ಕ್ಷಣದಲ್ಲಿ ಚಿತ್ರ ಹೋಗಿ ಕೆಳಗಿನ ಪ್ಲಾಸ್ಟಿಕ್ ಕಾಣುತ್ತದೆ. 1990ರ ನಂತರದ ಸಾಧಾರಣ ಬೆಲೆಯ ಕಾರುಗಳಲ್ಲಿ ಇದೇ ಹೆಚ್ಚು. ಅಂಥದ್ದಕ್ಕೆ ನನ್ನ ಮಾತು ಅನ್ವಯಿಸುವುದಿಲ್ಲ.

ಉಜ್ಜುವ ಮೊದಲು ತೊಳೆಯಬೇಕು. ಡ್ಯಾಶ್‌ಬೋರ್ಡ್ ಹೊಳೆಯಲಿ ಅಂತ ಸರ್ವಿಸ್ ಸ್ಟೇಷನ್‌ಗಳಲ್ಲಿ ಸ್ಪ್ರೇ ಹೊಡೆಯುತ್ತಾರಲ್ಲ, ಅದರಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಇರುತ್ತದೆ. ಅದು ಬಿರುಕಿನೊಳಗೆ ಇಳಿದು ಕೂತಿರುತ್ತದೆ. ಅದರ ಮೇಲೆ ಹೊಸ ಲ್ಯಾಕರ್ ಹಚ್ಚಿದರೆ ಅಲ್ಲಲ್ಲಿ ಸಣ್ಣ ಗುಂಡಿಗಳು ಬೀಳುತ್ತವೆ, ಪೇಂಟರ್‌ಗಳು ಫಿಶ್ ಐ ಅನ್ನುತ್ತಾರೆ. ಪೇಂಟ್ ಅಂಗಡಿಯಲ್ಲಿ ಸಿಗುವ ಗ್ರೀಸ್ ರಿಮೂವರ್‌ನಲ್ಲಿ ಬಟ್ಟೆ ಅದ್ದಿ ಒರೆಸಿ, ಪ್ರತಿ ಸಲ ಹೊಸ ಬಟ್ಟೆ ತೆಗೆದುಕೊಳ್ಳಿ. ಒಂದೇ ಬಟ್ಟೆಯಲ್ಲಿ ಒರೆಸುತ್ತಾ ಹೋದರೆ ಸಿಲಿಕೋನ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುತ್ತದೆ ಅಷ್ಟೇ.

ಈಗ ಮುಖ್ಯ ಕೆಲಸ, ಹಳೇ ಲ್ಯಾಕರ್ ತೆಗೆಯುವುದು. ಅದು ಯಾವ ಜಾತಿಯದು ಅಂತ ಮೊದಲು ತಿಳಿಯಬೇಕು. ಹೊರಗೆ ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಇಟ್ಟು ಒಂದು ನಿಮಿಷ ಬಿಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಎನ್‌ಸಿ ಥಿನ್ನರ್‌ಗೆ ಕರಗಿದರೆ ನೈಟ್ರೋಸೆಲ್ಯುಲೋಸ್. ಎರಡಕ್ಕೂ ಜಗ್ಗದಿದ್ದರೆ ಪಾಲಿಯೆಸ್ಟರ್ ಅಥವಾ ಪಿಯು, ಅಂದರೆ ಪಾಲಿಯುರೆಥೇನ್. ಮೊದಲ ಎರಡನ್ನು ಅದರದರ ದ್ರಾವಕದಿಂದಲೇ ನಿಧಾನವಾಗಿ ಎತ್ತಬಹುದು. ಒಂದೊಂದು ಸಲ ತೆಗೆಯುವ ಅಗತ್ಯವೂ ಇಲ್ಲ. ನೈಟ್ರೋಸೆಲ್ಯುಲೋಸ್ ಮೇಲೆ ಹೊಸ ಪದರ ಹಾಕಿದಾಗ ಹಳೆಯದು ಸ್ವಲ್ಪ ಕರಗಿ ಅದರೊಂದಿಗೆ ಒಂದಾಗುತ್ತದೆ. ಸಣ್ಣಪುಟ್ಟ ಗೀರು ಮಾತ್ರ ಇದ್ದರೆ ಮೇಲ್ಮೈ ತೊಳೆದು, ತೆಳ್ಳಗೆ ಉಜ್ಜಿ, ಎರಡು ಪದರ ಹಾಕಿ ಬಿಟ್ಟುಬಿಡಿ. ಕಡಿಮೆ ಮಾಡಿದಷ್ಟೂ ಮರ ಉಳಿಯುತ್ತದೆ.

ಪಾಲಿಯೆಸ್ಟರ್ ಮಾತ್ರ ಹಟಮಾರಿ. ಅಂಗಡಿಯ ಪೇಂಟ್ ರಿಮೂವರ್ ಹಚ್ಚಿದರೆ ಕೆಲವು ಮೆತ್ತಗಾಗುತ್ತವೆ, ಕೆಲವು ಆಗುವುದಿಲ್ಲ. ರಿಮೂವರ್ ಡಬ್ಬದ ಮೇಲೆ ಮಿಥಿಲೀನ್ ಕ್ಲೋರೈಡ್ ಅಂತ ಇದೆಯೇ ಓದಿ. ಅದರ ಆವಿಯಿಂದ ಮುಚ್ಚಿದ ಕೋಣೆಯಲ್ಲಿ ಜನ ಸತ್ತಿದ್ದಾರೆ, ಅಮೆರಿಕದಲ್ಲಿ 2019ರಲ್ಲೇ ಮನೆಬಳಕೆಯ ಪೇಂಟ್ ರಿಮೂವರ್‌ಗಳಲ್ಲಿ ಅದನ್ನು ನಿಷೇಧಿಸಿದರು. ಬಳಸಿದರೂ ಅಂಗಳದಲ್ಲಿ ಬಳಸಿ, ಮನೆಯೊಳಗೆ ಬೇಡವೇ ಬೇಡ. ನನಗೆ ಹೆಚ್ಚು ಇಷ್ಟವಾದ ದಾರಿ ಹಾಟ್ ಏರ್ ಗನ್ ಮತ್ತು ಸ್ಕ್ರೇಪರ್. ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಅಂಗೈ ಅಗಲದ ಜಾಗವನ್ನು ಬಿಸಿ ಮಾಡಿ, ಲ್ಯಾಕರ್ ಸ್ವಲ್ಪ ಮಣಿಯುತ್ತದೆ ಅನ್ನುವಾಗ ತೆಳುವಾದ ಸ್ಟೀಲ್ ಪಟ್ಟಿಯನ್ನು ಬಿರುಕಿನ ಅಂಚಿಗೆ ಕೊಟ್ಟು ತಳ್ಳಬೇಕು. ಪಟ್ಟಿಯ ಮೂಲೆಗಳನ್ನು ಮೊದಲೇ ಅರ ಹಾಕಿ ಗುಂಡಗೆ ಮಾಡಿಕೊಂಡಿರಿ, ಮೂಲೆ ಚುಚ್ಚಿದರೆ ಮರದಲ್ಲಿ ಗಾಯ. ಯಾವಾಗಲೂ ಎಳೆಯ ದಿಕ್ಕಿಗೇ ತಳ್ಳಿ.

ಆಗ ಏನಾಗುತ್ತದೆ ಅನ್ನುವುದನ್ನು ಹೇಳಲೇಬೇಕು. ಒಂದು ಮಟ್ಟದವರೆಗೆ ಲ್ಯಾಕರ್ ಪುಡಿ ಪುಡಿಯಾಗಿ ಬರುತ್ತದೆ. ಒಂದು ಜಾಗದಲ್ಲಿ ಹಿಡಿತ ಬಿಟ್ಟಿತು ಅಂದರೆ ಉಗುರಿನಷ್ಟು, ಒಮ್ಮೊಮ್ಮೆ ಬೆರಳಿನಷ್ಟು ಉದ್ದದ ಚಕ್ಕೆ ಟಕ್ ಅಂತ ಏಳುತ್ತದೆ. ಆ ಚಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿ. ಹಳದಿಯಾಗಿರುತ್ತದೆ. ಇಷ್ಟು ವರ್ಷ ನೀವು ಮರದ ಬಣ್ಣ ಅಂದುಕೊಂಡಿದ್ದ ಹಳದಿ ಈ ಚಕ್ಕೆಯಲ್ಲಿದೆ. ಅದರಡಿಯಲ್ಲಿ ಕಾಣುವ ಜೀಬ್ರಾನೊ ತಿಳಿಯಾಗಿ, ಒಣಗಿ, ಸ್ವಲ್ಪ ಬಡಕಲಾಗಿ ಕಾಣುತ್ತದೆ. ಗಾಬರಿಯಾಗಬೇಡಿ. ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿ. ಕಂದು ಗೆರೆಗಳು ಒಂದೊಂದಾಗಿ ಎದ್ದು ಬರುತ್ತವೆ, ಮಧ್ಯದ ಸಣ್ಣ ಸಣ್ಣ ರಂಧ್ರಗಳೂ ಕಾಣುತ್ತವೆ, ಆಮೇಲೆ ಸ್ಪಿರಿಟ್ ಆರಿದಂತೆ ಮತ್ತೆ ಮಂಕಾಗುತ್ತವೆ. ಆ ಕೆಲವು ಸೆಕೆಂಡುಗಳಲ್ಲಿ ಕಂಡದ್ದೇ ಕೆಲಸ ಮುಗಿದಾಗ ಕಾಣುವ ಬಣ್ಣ. ಮನೆಯವರನ್ನು ಕರೆದು ತೋರಿಸಬೇಕು ಅನ್ನಿಸುತ್ತದೆ, ತೋರಿಸಿ.

ಉಳಿದ ಲ್ಯಾಕರನ್ನು 320 ನಂಬರಿನ ಸ್ಯಾಂಡ್ ಪೇಪರ್‌ನಲ್ಲಿ, ಕೈಯಿಂದಲೇ, ಚಪ್ಪಟೆ ಮರದ ತುಂಡಿಗೆ ಸುತ್ತಿ ತೆಗೆಯಿರಿ. ಮೆಷಿನ್ ಬೇಡ. ಅಂಚು, ಮೀಟರ್ ಕೂರುವ ರಂಧ್ರದ ಸುತ್ತ, ಬಾಗಿದ ಭಾಗ, ಈ ಮೂರು ಕಡೆ ವೀನಿಯರ್ ಬೇಗ ಸವೆದು ಹೋಗುತ್ತದೆ. ಅಡ್ಡ ಬೆಳಕು ಬಿಟ್ಟುಕೊಂಡು ನೋಡುತ್ತಾ ಉಜ್ಜಿ. ಹೊಳೆಯುವ ಕೊನೆಯ ಚುಕ್ಕೆ ಹೋದ ಕೂಡಲೇ ನಿಲ್ಲಿಸಿ. ಮರದಲ್ಲಿ ಹಳೆಯ ಸಣ್ಣ ಗುಳಿ ಉಳಿದಿದ್ದರೆ ಉಳಿಯಲಿ, ಅದನ್ನು ಲ್ಯಾಕರ್ ತುಂಬಿಕೊಳ್ಳುತ್ತದೆ. ಗುಳಿ ಹೋಗುವವರೆಗೆ ಉಜ್ಜಲು ಹೋದರೆ ಅದರ ಸುತ್ತ ಮರವೇ ಇರುವುದಿಲ್ಲ.

ವೀನಿಯರ್ ಎದ್ದಿರುವ ಕಡೆ ಅಂಟು ತುಂಬಬೇಕು. ಎಳೆಯ ಗುಂಟ ಹೊಸ ಬ್ಲೇಡಿನಿಂದ ಸಣ್ಣ ಸೀಳು ಕೊಟ್ಟು, ಸಿರಿಂಜಿನಲ್ಲಿ ಅಂಟು ಇಳಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಚಪ್ಪಟೆ ಹಲಗೆ, ಆಮೇಲೆ ಸಿ-ಕ್ಲ್ಯಾಂಪ್. ಬಾಗಿಲ ಪಟ್ಟಿಗೆ ನೀರು ತಡೆಯುವ ಬಗೆಯ ಫೆವಿಕಾಲ್ ಸಾಕು. ಡ್ಯಾಶ್‌ಬೋರ್ಡಿನ ಮೇಲ್ಭಾಗದ ಪಟ್ಟಿಗೆ ಬಿಳಿ ಅಂಟು ಬಿಸಿಲಿನಲ್ಲಿ ಮೆತ್ತಗಾಗುವುದರಿಂದ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಬಳಸುತ್ತೇನೆ, ಅಲ್ಯೂಮಿನಿಯಂ ಮೇಲಿನ ವೀನಿಯರ್‌ಗೂ ಅದೇ. ಸನ್‌ಮೈಕಾ ಅಂಟಿಸುವ ರಬ್ಬರ್ ಗೋಂದನ್ನು ಮಾತ್ರ ಹಾಕಬೇಡಿ. ಆಮೇಲೆ ಹಚ್ಚುವ ಲ್ಯಾಕರಿನ ಥಿನ್ನರ್ ತೆಳು ಮರದ ಮೂಲಕ ಇಳಿದು ಆ ಗೋಂದನ್ನು ಕರಗಿಸುತ್ತದೆ, ಗುಳ್ಳೆ ಏಳುತ್ತದೆ.

ಕಪ್ಪು ಕಲೆಗೆ ಆಕ್ಸಾಲಿಕ್ ಆಮ್ಲ. ಬಿಸಿನೀರಿನಲ್ಲಿ ಕರಗಿಸಿ ಸಣ್ಣ ಬ್ರಷ್‌ನಿಂದ ಕಲೆಯ ಮೇಲಷ್ಟೇ ಹಚ್ಚಿ, ಒಣಗಲು ಬಿಟ್ಟು, ಬೇಕಾದರೆ ಮತ್ತೊಮ್ಮೆ ಹಚ್ಚಿ, ಆಮೇಲೆ ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ. ತುಕ್ಕಿನ ಕಪ್ಪು ಬಹುಮಟ್ಟಿಗೆ ಬಿಡುತ್ತದೆ. ಅದು ವಿಷ. ಕೈಗವಸು ಹಾಕಿ, ಒಣಗಿದ ಪುಡಿಯನ್ನು ಉಜ್ಜಿ ಹಾರಿಸಬೇಡಿ, ಮಕ್ಕಳ ಕೈಗೆ ಎಟುಕದಂತೆ ಇಡಿ.

ಚೂರು ಹಾರಿಹೋಗಿದ್ದರೆ ತುಂಡು ಕೂರಿಸಬೇಕು. ಚೌಕವಾಗಿ ಕತ್ತರಿಸಿ ಕೂರಿಸಿದರೆ ತೇಪೆ ಎದ್ದು ಕಾಣುತ್ತದೆ, ಎಳೆಯ ಜೊತೆ ಓರೆಯಾಗಿ ಸಾಗುವ ತುಂಡು ಕಾಣುವುದಿಲ್ಲ. ಗಂಟು ಮರದಲ್ಲಂತೂ ಸುಳಿಯ ಗೆರೆಯನ್ನೇ ಹಿಡಿದು ಕತ್ತರಿಸಿದರೆ ಎಲ್ಲಿ ಸೇರಿಸಿದ್ದು ಅಂತ ನಿಮಗೇ ಮರೆಯುತ್ತದೆ. ಈ ಕೈಚಳಕವನ್ನು ನೋಡಿ ಕಲಿಯಬೇಕಾದರೆ ಮೈಸೂರಿಗೆ ಹೋಗಿ ಬೀಟೆ ಮರದ ಇನ್‌ಲೇ ಮಾಡುವವರ ಪಕ್ಕ ಸ್ವಲ್ಪ ಹೊತ್ತು ಕೂತುಕೊಳ್ಳಿ. ಬಣ್ಣ ಬಳಿಯದೆ ಮರದ ಸ್ವಂತ ಬಣ್ಣದಿಂದಲೇ ಅವರು ಚಿತ್ರ ಕೂಡಿಸುತ್ತಾರೆ.

ಬಣ್ಣದ ವಿಚಾರಕ್ಕೆ ಬಂದರೆ, ಅಕ್ರೋಟ್ ಬಿಸಿಲಿಗೆ ತಿಳಿಯಾಗುತ್ತಾ ಹೋಗುತ್ತದೆ. ಮೂಲ ಬಣ್ಣ ಬೇಕಾದರೆ ಆಶ್‌ಟ್ರೇಯ ಹಿಂದೆಯೋ ಪಟ್ಟಿ ಮುಚ್ಚಿಕೊಂಡಿದ್ದ ಅಂಚಿನಲ್ಲೋ ನೋಡಿ, ಬಿಸಿಲು ಕಾಣದ ಮರ ಅಲ್ಲಿರುತ್ತದೆ. ಮರಕ್ಕೆ ಬಣ್ಣ ಕೊಡುವ ಸ್ಟೇನ್ ಹಚ್ಚುವುದಾದರೆ ಬಹಳ ತೆಳ್ಳಗೆ ಮಾಡಿಕೊಂಡು, ಎರಡು ಮೂರು ಸಲದಲ್ಲಿ ಆ ಬಣ್ಣಕ್ಕೆ ಬನ್ನಿ. ಕಡುಕಂದು ಮಾಡಿದರೆ ಶ್ರೀಮಂತವಾಗಿ ಕಾಣುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ. ಗಂಟಿನ ಸುಳಿಯೆಲ್ಲ ಅದರಲ್ಲಿ ಮುಳುಗಿ ಹೋಗುತ್ತದೆ.

ಯಾರೂ ಮಾಡದ ಒಂದು ಕೆಲಸ ಹೇಳುತ್ತೇನೆ, ಇದನ್ನು ಮಾಡಿದರೆ ಮುಂದಿನ ಹತ್ತು ಮಳೆಗಾಲಕ್ಕೆ ಅನುಕೂಲ. ಪಟ್ಟಿಯ ಹಿಂಬದಿಗೂ ಅಂಚಿಗೂ ಲ್ಯಾಕರ್ ಹಚ್ಚಿ. ಕಾರ್ಖಾನೆಯಲ್ಲಿ ಮುಂದೆ ಹೊಳಪು ಕೊಟ್ಟು ಹಿಂದೆ ಪ್ಲೈವುಡ್ಡನ್ನು ಎಷ್ಟೋ ಸಲ ಹಾಗೇ ಬಿಟ್ಟಿರುತ್ತಾರೆ. ತೇವ ಬರುವುದು ಅಲ್ಲಿಂದ. ಸ್ಕ್ರೂ ರಂಧ್ರದ ಒಳಗೂ ಬ್ರಷ್ ತೂರಿಸಿ. ಮಲೆನಾಡಿನ ಕಾರಿಗೆ ಮುಖದ ಹೊಳಪಿಗಿಂತ ಇದು ದೊಡ್ಡದು.

ಇನ್ನು ಯಾವ ಲ್ಯಾಕರ್? ಮನೆಯ ಕುರ್ಚಿ ಮೇಜಿಗೆ ಹಾಕುವ ಸ್ಪಿರಿಟ್ ಪಾಲಿಶ್, ಅಂದರೆ ಅರಗಿನ ಚಕ್ಕೆ ಕರಗಿಸಿ ಬಟ್ಟೆಯುಂಡೆಯಲ್ಲಿ ಉಜ್ಜುವುದು, ಕಣ್ಣಿಗೆ ಅದಕ್ಕಿಂತ ಚೆಂದ ಬೇರೆ ಇಲ್ಲ. ಆದರೆ ತೇವಕ್ಕೆ ಬೆಳ್ಳಗಾಗುತ್ತದೆ, ಬಿಸಿಲಿಗೆ ನಿಂತ ಕಾರಿನ ಶಾಖಕ್ಕೆ ಮೆತ್ತಗಾಗುತ್ತದೆ. ನೈಟ್ರೋಸೆಲ್ಯುಲೋಸ್ 1950ರ ದಶಕದ ಕಾರಿಗೆ ಒಪ್ಪುತ್ತದೆ, ಮುಂದೆ ಗೀರು ಬಿದ್ದರೆ ಸುಲಭವಾಗಿ ಸರಿಮಾಡಬಹುದು, ಯಾವಾಗಲೂ ನೆರಳಿನಲ್ಲಿ ನಿಲ್ಲುವ ಕಾರಾದರೆ ಅದನ್ನೇ ಹಾಕಿ. ಎರಡು ಡಬ್ಬ ಬೆರೆಸಿ ಹಾಕುವ ಪಿಯು ಎಲ್ಲಕ್ಕಿಂತ ಗಟ್ಟಿ. ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಸ್ಪ್ರೇ ಮಾಡಿದಾಗ ಉಸಿರಿಗೆ ಹೋದರೆ ಅಸ್ತಮಾ ಬರಬಹುದು, ಒಮ್ಮೆ ಒಗ್ಗದಂತಾದರೆ ಜೀವನಪೂರ್ತಿ ಒಗ್ಗುವುದಿಲ್ಲ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಶೆಡ್ಡಿನಲ್ಲಿ ಪಿಯು ಸ್ಪ್ರೇ ಮಾಡುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಪಿಯು ಬೇಕೇ ಬೇಕಾದರೆ ತಯಾರಿ ಎಲ್ಲ ಮನೆಯಲ್ಲಿ ಮುಗಿಸಿ, ಕೊನೆಯ ಸ್ಪ್ರೇಯನ್ನು ಪೇಂಟ್ ಬೂತ್ ಇರುವ ಕಡೆ ಮಾಡಿಸಿ.

ಮನೆಯಲ್ಲೇ ಪೂರ್ತಿ ಮುಗಿಸಬೇಕು ಅನ್ನುವವರಿಗೆ ನಾನು ಹೇಳುವುದು ಹೊರಾಂಗಣ ಮರಕ್ಕೆ ಬಳಸುವ, ಬಿಸಿಲು ತಡೆಯುವ ಅಂಶ ಇರುವ ಎಣ್ಣೆ ಮೂಲದ ವಾರ್ನಿಶ್. ಒಳ್ಳೆಯ ಬ್ರಷ್‌ನಲ್ಲಿ ಹಚ್ಚಬಹುದು. ಮೊದಲ ಪದರ ಅರ್ಧಕ್ಕರ್ಧ ತೆಳು ಮಾಡಿ ಮರ ಕುಡಿಯಲು ಬಿಡಿ. ಆಮೇಲೆ ದಿನಕ್ಕೊಂದರಂತೆ ಆರು ಏಳು ತೆಳು ಪದರ, ನಡುವೆ 400ರಲ್ಲಿ ಹಗುರವಾಗಿ ಉಜ್ಜುವುದು. ಜೀಬ್ರಾನೊದಂಥ ರಂಧ್ರದ ಮರಕ್ಕೆ ಇನ್ನೆರಡು ಪದರ ಹೆಚ್ಚು ಬೇಕು. ಒಂದೇ ಸಲ ದಪ್ಪಗೆ ಸುರಿದರೆ ಮೇಲೆ ಕೆನೆಗಟ್ಟಿ ಕೆಳಗೆ ಹಸಿಯಾಗಿಯೇ ಉಳಿಯುತ್ತದೆ. ಈಗ ಎಪಾಕ್ಸಿ ಸುರಿದು ಗಾಜಿನ ಹಾಗೆ ಮಾಡುವ ಗೀಳು ಬಂದಿದೆ. ಮೇಜಿಗೆ ಅದು ಸರಿ ಇರಬಹುದು. ಕಾರಿನಲ್ಲಿ ಅಂಚು ದಪ್ಪಗಾಗಿ ಮೀಟರ್ ಕೂರುವುದಿಲ್ಲ, ನಿಜವಾದ ಮರವೂ ಪ್ಲಾಸ್ಟಿಕ್ ಹಾಗೆ ಕಾಣುತ್ತದೆ. ವಾರ್ನಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಎಣ್ಣೆ ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಕೊನೆಯ ಪದರ ಆದ ಮೇಲೆ ಮೂರು ವಾರ ಸುಮ್ಮನಿರಿ. ಒಣಗಿದಂತೆ ಕಂಡರೂ ಲ್ಯಾಕರ್ ಇನ್ನೂ ಕುಗ್ಗುತ್ತಿರುತ್ತದೆ. ಈಗಲೇ ತಿಕ್ಕಿ ಕನ್ನಡಿ ಮಾಡಿದರೆ ಮುಂದಿನ ತಿಂಗಳು ರಂಧ್ರಗಳೆಲ್ಲ ಮತ್ತೆ ಕಾಣುತ್ತವೆ. ಆಮೇಲೆ ವಾಟರ್ ಪೇಪರ್, 800, 1200, 1500, 2000, ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿಕೊಂಡು. ಕೊನೆಗೆ ಕಾರಿನ ಪೇಂಟಿಗೆ ಹಾಕುವ ರಬ್ಬಿಂಗ್ ಕಾಂಪೌಂಡ್, ಹತ್ತಿ ಬಟ್ಟೆಯಲ್ಲಿ. ಮರಳಿ ಕೂರಿಸುವಾಗ ಹಳೇ ತುಕ್ಕು ಸ್ಕ್ರೂ ಬಿಟ್ಟು ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ಬಿಗಿಯಾಗಿ ಸೇರಿದ ಕೂಡಲೇ ನಿಲ್ಲಿಸಿ. ಅತಿ ಬಿಗಿ ಮಾಡಿದರೆ ಹೊಸ ಲ್ಯಾಕರ್ ಸ್ಕ್ರೂ ತಲೆಯಿಂದಲೇ ಬಿರುಕು ಬಿಡಲು ಶುರುವಾಗುತ್ತದೆ.

ಇನ್ನು ಪ್ರಶ್ನೆಗಳು. ಕೊಪ್ಪದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು, ಪಟ್ಟಿಯ ಹಿಂದೆ ಸೂಜಿಮೊನೆಯಷ್ಟು ತೂತುಗಳಿವೆ, ತಟ್ಟಿದರೆ ಪುಡಿ ಉದುರುತ್ತದೆ, ಏನು ಮಾಡಲಿ ಅಂತ ಕೇಳಿದರು. ಯಜಮಾನ್ರೇ, ಅದು ಹುಳ, ಪ್ಲೈವುಡ್ ತಿನ್ನುತ್ತಿದೆ. ತುಂಡನ್ನು ಬೇರೆ ಮರದ ಸಾಮಾನಿನಿಂದ ದೂರ ಇಡಿ. ಮರದ ಹುಳದ ಔಷಧಿಯನ್ನು ಸಿರಿಂಜಿನಲ್ಲಿ ತೂತುಗಳಿಗೆ ಬಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಲವು ವಾರ ಇಟ್ಟು ನೋಡಿ. ಹೊಸ ಪುಡಿ ಬೀಳದಿದ್ದರೆ ತೆಳು ಎಪಾಕ್ಸಿ ಕುಡಿಸಿ ಗಟ್ಟಿ ಮಾಡಬಹುದು. ಮುಂದಿನ ವೀನಿಯರ್ ಚೆನ್ನಾಗಿದ್ದರೆ ಅದಕ್ಕೆ ಕೈ ಹಚ್ಚಬೇಕಾಗಿಲ್ಲ.

ಮೂಡಿಗೆರೆಯ ಅಕ್ಕ ಒಬ್ಬರು ಮಳೆಗಾಲದಲ್ಲಿ ಕಾರನ್ನು ಟಾರ್ಪಾಲ್ ಮುಚ್ಚಿ ಇಡುತ್ತೇವೆ, ಆದರೂ ಒಳಗೆ ಬೂಸು ಬರುತ್ತದೆ ಅಂದರು. ಅಕ್ಕ, ಬೂಸು ಬರುವುದು ಆ ಟಾರ್ಪಾಲಿನಿಂದಲೇ. ನೆಲದ ತೇವ ಮೇಲೆದ್ದು ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ. ಸೂರು ಇದ್ದರೆ ಗಾಳಿಯಾಡುವ ಬಟ್ಟೆಯ ಕವರ್ ಸಾಕು, ಗಾಜನ್ನು ಒಂದು ಬೆರಳಿನಷ್ಟು ಇಳಿಸಿಡಿ. ಕಾರಿನ ಕೆಳಗೆ ಮಣ್ಣಿನ ನೆಲ ಆಗಿದ್ದರೆ ದಪ್ಪ ಪ್ಲಾಸ್ಟಿಕ್ ಹಾಸಿ. ಮಳೆ ಬಿಡುವು ಕೊಟ್ಟ ದಿನ ನಾಲ್ಕೂ ಬಾಗಿಲು ಸ್ವಲ್ಪ ಹೊತ್ತು ತೆಗೆದಿಡಿ, ಆಮೇಲೆ ಬಾಗಿಲು ಮುಚ್ಚಿ ಕಾರನ್ನು ಒಂದಷ್ಟು ದೂರ ಓಡಿಸಿಕೊಂಡು ಬನ್ನಿ, ಹೀಟರ್ ಇದ್ದರೆ ಹಾಕಿಕೊಂ‌ಡೇ ಓಡಿಸಿ.

ಇನ್ನೊಬ್ಬ ತರುಣ, ನಮ್ಮ ತೋಟದಲ್ಲೇ ಬೀಟೆ ಮರ ಇದೆ, ಅದರಿಂದಲೇ ಹೊಸ ಪಟ್ಟಿ ಮಾಡಿಸಬಹುದಲ್ಲ ಅಂತ ಕೇಳಿದ. ಬೀಟೆ ತೋಟದಲ್ಲಿ ಇದ್ದ ಮಾತ್ರಕ್ಕೆ ಕಡಿಯುವ ಹಾಗಿಲ್ಲಪ್ಪ, ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ಪಾಸ್ ಬೇಕು. ಒಂದು ಡ್ಯಾಶ್‌ಬೋರ್ಡಿಗಾಗಿ ಅಂಥ ಮರಕ್ಕೆ ಕೈ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ. ಅಂಬಾಸಡರ್‌ಗೆ ಬೀಟೆಯೇ ಬೇಕು ಅಂದರೆ ಮುರಿದ ಹಳೇ ಮಂಚದ ಕಾಲು, ಬಾಗಿಲು ಚೌಕಟ್ಟಿನ ತುಂಡು ಹುಡುಕು. ಹತ್ತಾರು ವರ್ಷ ಒಣಗಿದ ಮರ ಹಸಿಮರದ ಹಾಗೆ ಸೊಟ್ಟಗಾಗುವುದಿಲ್ಲ. ನಿನ್ನದು ಯಾವ ಕಾರು ಅಂತ ಕೇಳಿದೆ. ಡಬ್ಲ್ಯೂ124 ಅಂದ. ಹಾಗಾದರೆ ಬೀಟೆಯ ಮಾತೇ ಬೇಡ, ಇರುವ ಜೀಬ್ರಾನೊ ಪಟ್ಟಿಯನ್ನು ಬಿಚ್ಚಿ ತಾ, ಅದರ ಅಂಚನ್ನು ಒಟ್ಟಿಗೆ ನೋಡೋಣ ಅಂದೆ. ಫೆಬ್ರವರಿಯಲ್ಲಿ ತರುತ್ತಾನಂತೆ.